ಕೈ ಬಿಟ್ಟರೆ ಹಿಡಿಯುವ ಗಂಟು

ಉಪ್ಪಿನಕಾಯಿಯ ಮಾವಿನ ಮಿಡಿ, ಅಪ್ಪೆಮಿಡಿ ಕೊಯ್ಯುವವರಿಗೆ ಮರ ಹತ್ತುವುದನ್ನು ನಾನು ಕಲಿಸಬೇಕಾಗಿಲ್ಲ. ಸಾಗರ, ಹೊಸನಗರದ ಕಡೆ ಹೊಳೆದಂಡೆಯ ಮರಗಳನ್ನು ಬರಿಗಾಲಲ್ಲಿ ಏರಿ, ತೊಟ್ಟು ಕಳಚದಂತೆ ಮಿಡಿ ಬಿಡಿಸುವವರು ಅವರು. ಕಸಿ ಕಡ್ಡಿಗಾಗಿ ಅಂಥವೇ ಮರಗಳನ್ನು ಹಗ್ಗದಲ್ಲಿ ಏರುವ ನನ್ನ ಬಳಿ ಅವರಿಗೆ ಹೇಳಿಕೊಡಲು ಒಂದೇ ವಿದ್ಯೆ ಇದೆ: ಕೈ ಬಿಡುವುದು.

ಸುಮಾರು 300 ಗ್ರಾಂ ಮರಳಿನ ಚೀಲಕ್ಕೆ ತೆಳು ದಾರ ಕಟ್ಟಿ ಗಟ್ಟಿ ಕವಲಿನ ಮೇಲೆ ಎಸೆಯುತ್ತೇವೆ. ದಾರದ ಹಿಂದೆ ಹಗ್ಗ ಹೋಗುತ್ತದೆ. ಅದರ ಒಂದು ತುದಿಯನ್ನು ಸೊಂಟ ಮತ್ತು ತೊಡೆಗಳನ್ನು ಬಳಸಿದ ಪಟ್ಟಿಗೆ ಕಟ್ಟುತ್ತೇವೆ. ಕವಲು ದಾಟಿ ಇಳಿದ ಇನ್ನೊಂದು ಎಳೆಗೆ ಪ್ರೂಸಿಕ್ ಗಂಟು ಹಾಕಿ ಅದನ್ನೂ ಪಟ್ಟಿಗೇ ಸೇರಿಸುತ್ತೇವೆ. ಆ ಎಳೆಯನ್ನು ಕೆಳಕ್ಕೆ ಜಗ್ಗಿದಷ್ಟೂ ನಾವು ಮೇಲಕ್ಕೆ. ಗಂಟನ್ನು ಹಿಂದೆಯೇ ಸರಿಸಿಕೊಂಡು ಹೋಗಬೇಕು. ಆಸ್ಟ್ರಿಯಾದ ಕಾರ್ಲ್ ಪ್ರೂಸಿಕ್ 1931ರಲ್ಲಿ ವಿವರಿಸಿದ ಗಂಟು ಇದು. 11 ಮಿ.ಮೀ. ಹಗ್ಗಕ್ಕೆ 8 ಮಿ.ಮೀ. ದಾರದ ಕುಣಿಕೆಯನ್ನು ಮೂರು ಸುತ್ತು ಸುತ್ತಿದರೆ ಆಯಿತು. ಎರಡೂ ಒಂದೇ ದಪ್ಪವಿದ್ದರೆ ಸರಿಯಾಗಿ ಕಚ್ಚುವುದಿಲ್ಲ. ಭಾರ ಬಿದ್ದಾಗ ಗಂಟು ಹಗ್ಗವನ್ನು ಕಚ್ಚುತ್ತದೆ. ಇಳಿಯಬೇಕಾದಾಗ ಗಂಟಿನ ನೆತ್ತಿಯನ್ನು ಮೆಲ್ಲನೆ ಕೆಳಕ್ಕೆ ಒತ್ತಬೇಕು.

ಅಪಾಯ ಇರುವುದು ಆ ಒತ್ತುವ ಕೈಯಲ್ಲಿ. ಮಾವಿನ ಮರವೆಂದರೆ ಚಗಳಿ ಎಂಬ ಕೆಂಪಿರುವೆಯ ಗೂಡು. ಚಗಳಿ ಚಟ್ನಿಯಲ್ಲಿ ರುಚಿ, ಕುತ್ತಿಗೆಯಲ್ಲಿ ಅಲ್ಲ. ಇಳಿಯುವಾಗ ಅದು ಕಡಿದರೆ ಮನುಷ್ಯ ಕೈಗೆ ಸಿಕ್ಕಿದ್ದನ್ನು ಅವುಚಿ ಹಿಡಿಯುತ್ತಾನೆ. ಸಿಕ್ಕಿರುವುದು ಗಂಟು. ಅದನ್ನು ಅವುಚಿಕೊಂಡೇ ಕೆಳಕ್ಕೆ ಜಾರಿದರೆ ಗಂಟು ಕಚ್ಚಲಾರದು.

ಐವತ್ತು ದಾಟಿದ, ಅಡಿಕೆ ಕೊಯ್ಯುವ ಕೊನೆಗಾರರೊಬ್ಬರನ್ನು ಅಭ್ಯಾಸಕ್ಕೆಂದು ನೆಲದಿಂದ ಮೂರೇ ಅಡಿ ಮೇಲೆ ತೂಗಿಸಿ, ಇಳಿಯುತ್ತಿರುವಾಗ ಹಿಂದಿನಿಂದ ಕೂಗಿದೆ. ದೊಪ್ಪನೆ ಅಡಿಕೆ ಸೋಗೆಯ ರಾಶಿಯ ಮೇಲೆ ಕುಳಿತರು. “ಗಂಟು ಹಿಡಿಯಲೇ ಇಲ್ಲವಲ್ಲ ಮಾರಾಯರೇ!” “ನೀವು ಹಿಡಿದುಕೊಂಡಿರಿ, ಅದಕ್ಕೇ ಅದು ಹಿಡಿಯಲಿಲ್ಲ” ಎಂದೆ. ಅಡಿಕೆ ಮರದಲ್ಲಿ ಜೀವಮಾನವಿಡೀ ಹಿಡಿತವನ್ನೇ ನಂಬಿದವರು. ಬಿಡುವುದು ಅವರಿಗೆ ಸುಲಭವಲ್ಲ. ಒಂಬತ್ತನೆಯ ಸಲ ಕೂಗಿದಾಗ ಎರಡೂ ಕೈ ಎತ್ತಿ, ನನ್ನನ್ನು ಬೈಯುತ್ತಾ ಅಲ್ಲೇ ತೂಗಾಡಿದರು. ಅಂದು ಮಧ್ಯಾಹ್ನವೇ ಮರಕ್ಕೆ ಕಳಿಸಿದೆ.

ಉಳಿದದ್ದು ಎಚ್ಚರಿಕೆಯ ಮಾತು. ಕವಲು 60 ಅಡಿ ಮೇಲಿದ್ದರೆ 120 ಅಡಿಗಿಂತ ಹೆಚ್ಚು ಹಗ್ಗ ಬೇಕು, ತುದಿಯಲ್ಲೊಂದು ದಪ್ಪ ಗಂಟು ಇರಲೇಬೇಕು. ಬಂದಳಿಕೆ ಹಬ್ಬಿದ ಕೊಂಬೆಯನ್ನು ನಾನು ನಂಬುವುದಿಲ್ಲ. ಆರಿಸಿದ ಕವಲಿನ ಹಗ್ಗಕ್ಕೆ ಮೊದಲು ನೆಲದಲ್ಲೇ ಇಬ್ಬರು ಒಟ್ಟಿಗೆ ಜೋತುಬಿದ್ದು ನೋಡುತ್ತೇವೆ. ಹಗ್ಗ ಉಜ್ಜುವ ಜಾಗಕ್ಕೆ ತೊಗಟೆ ಗಾಯವಾಗದಂತೆ ಹೊದಿಕೆ ಹಾಕುತ್ತೇವೆ. ಮಳೆಗಾಲದಲ್ಲಿ ಹಾವಸೆ ಕಟ್ಟಿದ ಮರ ಹತ್ತುವುದೇ ಇಲ್ಲ.

ಸರ್ರನೆ ಇಳಿಯುವ ಹುಮ್ಮಸ್ಸು ಹುಡುಗರಿಗೆ ಜಾಸ್ತಿ. ಉಜ್ಜಿದ ಬಿಸಿಗೆ ಕುಣಿಕೆಯ ದಾರ ಕರಗಿ ಗಾಜಿನಂತೆ ನುಣುಪಾಗುತ್ತದೆ, ಮುಂದಿನ ಸಲ ಜಾರುತ್ತದೆ. ಅಂಥ ಕುಣಿಕೆ ಕಂಡರೆ ಅಲ್ಲೇ ಕತ್ತರಿಸಿ ಹಾಕುತ್ತೇನೆ. ಗಂಟು ಬಿಚ್ಚಿ ಕೊಟ್ಟರೆ ಯಾರಾದರೂ ಮತ್ತೆ ಬಳಸಿಯೇ ಬಳಸುತ್ತಾರೆ. ಅಂಗಡಿಯಲ್ಲಿ ತೂಕಕ್ಕೆ ಸಿಗುವ ನೀಲಿ ಪ್ಲಾಸ್ಟಿಕ್ ಹಗ್ಗ ನೈಲಾನಿಗಿಂತ ಬಹಳ ಬೇಗ ಕರಗುವಂಥದ್ದು. ಅದು ದನ ಕಟ್ಟಲು ಇರಲಿ.