ಕುತ್ತಿಗೆಯ ರಕ್ತನಾಳ ಒಂದು ಕಡೆ ಸಣ್ಣದಂತೆ, ಲಕ್ವ ಹೊಡೆಯುತ್ತಾ?

ಪ್ರಶ್ನೆ: ನಮ್ಮ ತಾಯಿಗೆ 58 ವರ್ಷ. ಬೆಳಿಗ್ಗೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೆ ತಲೆ ಗಿರ್ರನೆ ತಿರುಗುತ್ತದೆ ಎನ್ನುತ್ತಿದ್ದರು. ಎಂಆರ್‌ಐ ಮಾಡಿಸಿದೆವು. ಮಿದುಳು ಸರಿಯಾಗಿದೆಯಂತೆ. ಆದರೆ ‘ಬಲ ವರ್ಟಿಬ್ರಲ್ ಆರ್ಟರಿ ಹೈಪೋಪ್ಲಾಸ್ಟಿಕ್’ ಎಂದು ಬರೆದಿದ್ದಾರೆ. ಅಂದರೆ ಕುತ್ತಿಗೆಯಲ್ಲಿ ಬ್ಲಾಕ್ ಇದೆ ಅಂತ ತಾನೇ? ಸ್ಟೆಂಟ್ ಹಾಕಿಸಬೇಕೇ? ಲಕ್ವ ಹೊಡೆಯುವ ಅಪಾಯ ಇದೆಯೇ?

ಉತ್ತರ: ಬ್ಲಾಕ್ ಅಲ್ಲ. ಹೈಪೋಪ್ಲಾಸ್ಟಿಕ್ ಎಂದರೆ ನಾಳ ಹುಟ್ಟಿನಿಂದಲೇ ಸಣ್ಣದು ಎಂದಷ್ಟೇ. ಸ್ಟೆಂಟ್ ಬೇಡ. ಕೇಳಿದ್ದಕ್ಕೆ ಉತ್ತರ ಇಲ್ಲಿಗೇ ಮುಗಿಯಿತು. ಆದರೆ ಇಷ್ಟೇ ಹೇಳಿ ಕಳಿಸಿದರೆ ಯಾರೂ ನಂಬುವುದಿಲ್ಲ, ಬೇರೆ ಕಡೆ ಹೋಗಿ ಇನ್ನೊಂದು ಸ್ಕ್ಯಾನ್ ಮಾಡಿಸಿಕೊಂಡು ಬರುತ್ತಾರೆ. ಈ ಪ್ರಶ್ನೆ ನನಗೆ ಬರದ ವಾರವಿಲ್ಲ. ತಾಯಿಯ ಜಾಗದಲ್ಲಿ ಮಾವ, ಬಲದ ಜಾಗದಲ್ಲಿ ಎಡ, ಅಷ್ಟೇ ವ್ಯತ್ಯಾಸ. ಹಾಡಿದ್ದೇ ಹಾಡೋ ಕಿಸಬಾಯಿದಾಸ ಎಂದು ಮನೆಯಲ್ಲೂ ಅನ್ನಿಸಿಕೊಂಡಾಯಿತು. ಈ ಸಲ ಪೂರ್ತಿ ಬರೆದಿಡುತ್ತೇನೆ, ಇನ್ನು ಕೇಳಿದವರಿಗೆಲ್ಲ ಇದನ್ನೇ ಫಾರ್ವರ್ಡ್ ಮಾಡಿದರಾಯಿತು.

ಮಿದುಳಿಗೆ ರಕ್ತ ಒಯ್ಯುವ ದೊಡ್ಡ ನಾಳಗಳು ಕುತ್ತಿಗೆಯಲ್ಲಿ ನಾಲ್ಕು. ಮುಂದೆ ಎರಡು ಕ್ಯಾರೊಟಿಡ್, ಗಂಟಲಿನ ಪಕ್ಕ ಬೆರಳಿಟ್ಟರೆ ಬಡಿಯುವುದು ಅದೇ. ಹಿಂದೆ ಎರಡು ವರ್ಟಿಬ್ರಲ್. ಇವು ಸಾಮಾನ್ಯವಾಗಿ ಕುತ್ತಿಗೆಯ ಆರನೇ ಮೂಳೆಯ ಪಕ್ಕದ ರಂಧ್ರಕ್ಕೆ ನುಗ್ಗಿ, ಒಂದೊಂದೇ ಮೂಳೆಯ ರಂಧ್ರ ದಾಟಿ ಮೇಲೇರಿ, ತಲೆಬುರುಡೆಯೊಳಗೆ ಹೋಗಿ ಒಂದೇ ನಾಳವಾಗಿ ಕೂಡಿಕೊಳ್ಳುತ್ತವೆ. ಮಿದುಳಿನ ರಕ್ತದಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಕ್ಯಾರೊಟಿಡ್‌ಗಳದ್ದು, ಉಳಿದದ್ದು ಈ ಹಿಂದಿನ ಜೋಡಿಯದ್ದು. ಪಾಲು ಸಣ್ಣದಾದರೂ ಅದು ತಲುಪುವ ಜಾಗ ಸಣ್ಣದಲ್ಲ: ಉಸಿರು, ನುಂಗುವಿಕೆ, ನಡಿಗೆಯ ಹಿಡಿತ, ದೃಷ್ಟಿ ಎಲ್ಲವೂ ಅಲ್ಲಿವೆ.

ಜೋಡಿ ಅಂದ ಕೂಡಲೇ ಎರಡೂ ಸಮಸಮ ಇರಬೇಕು ಎಂದುಕೊಳ್ಳುತ್ತೇವೆ. ಸುಮಾರು ಅರ್ಧದಷ್ಟು ಜನರಲ್ಲಿ ಎಡನಾಳ ದಪ್ಪ, ಕಾಲು ಭಾಗದವರಲ್ಲಿ ಬಲನಾಳ ದಪ್ಪ. ಎರಡೂ ಒಂದೇ ಅಳತೆಯಲ್ಲಿರುವುದು ಉಳಿದ ಕಾಲು ಭಾಗದವರಲ್ಲಿ ಮಾತ್ರ. ಹೊಸದಾಗಿ ರೇಡಿಯಾಲಜಿಗೆ ಬಂದ ವಿದ್ಯಾರ್ಥಿಗಳು ಇಲ್ಲಿಯೇ ಎಡವಿ, ‘ಸರ್, ಪೇಷಂಟ್‌ಗೆ ಬಲಗಡೆ ನಾಳ ಸಣ್ಣದಾಗಿದೆ’ ಎಂದು ಗಾಬರಿಯಲ್ಲಿ ಓಡಿ ಬರುತ್ತಾರೆ. ಹಳೆಯ ಸ್ಕ್ಯಾನುಗಳನ್ನು ತೆಗೆದು ಸಮ ಇರುವ ಜೋಡಿ ಎಷ್ಟಿವೆ ಹುಡುಕಿ ಎಂದು ಕೂರಿಸುತ್ತೇನೆ. ಸಂಜೆಯ ಹೊತ್ತಿಗೆ ಗಾಬರಿ ತಾನೇ ಇಳಿದಿರುತ್ತದೆ.

ಇನ್ನು ಅಳತೆ. ಸಾಮಾನ್ಯ ವರ್ಟಿಬ್ರಲ್ ನಾಳ 3ರಿಂದ 4 ಮಿ.ಮೀ. ದಪ್ಪವಿರುತ್ತದೆ. 2 ಮಿ.ಮೀ.ಗಿಂತ ಕಡಿಮೆಯಿದ್ದರೆ ಹೈಪೋಪ್ಲಾಸ್ಟಿಕ್ ಎಂದು ಬರೆಯುವವರು ಹೆಚ್ಚು. ಕೆಲವರು 2.5ಕ್ಕೇ ಗೆರೆ ಎಳೆಯುತ್ತಾರೆ. ಹಾಗಾಗಿ ಒಬ್ಬರದೇ ಕುತ್ತಿಗೆಗೆ ಒಂದು ಊರಿನ ರಿಪೋರ್ಟಿನಲ್ಲಿ ಈ ಪದ ಬಂದು, ಇನ್ನೊಂದು ಊರಿನದ್ದರಲ್ಲಿ ಬರದೇ ಇರುವುದುಂಟು. ನಾಳ ಬದಲಾಗಿರುವುದಿಲ್ಲ, ಗೆರೆ ಬದಲಾಗಿರುತ್ತದೆ.

ಈಗ ಬ್ಲಾಕ್ ಎಂಬ ಭೂತಕ್ಕೆ ಬರೋಣ. ಎಷ್ಟು ಬಿಡಿಸಿದರೂ ಬಿಡದ ಭೂತ ಇದು.

ಮನೆ ಕಟ್ಟುವಾಗಲೇ ಅರ್ಧ ಇಂಚಿನ ಪೈಪ್ ಹಾಕಿಸುವುದು ಒಂದು. ಒಂದು ಇಂಚಿನ ಪೈಪ್ ಹಾಕಿಸಿ, ಬೋರ್‌ವೆಲ್ ನೀರಿನ ಉಪ್ಪು ಒಳಗೆ ಕಟ್ಟಿಕೊಂಡು ದಾರಿ ಅರ್ಧ ಇಂಚಿಗೆ ಇಳಿಯುವುದು ಇನ್ನೊಂದು. ನಲ್ಲಿಯಲ್ಲಿ ಬರುವ ನೀರು ಎರಡರಲ್ಲೂ ಸಣ್ಣಗೇ ಇರಬಹುದು. ಆದರೆ ಮೊದಲನೆಯದರಲ್ಲಿ ಕೆರೆದು ತೆಗೆಯಲು ಏನೂ ಇಲ್ಲ. ನಿಮ್ಮ ತಾಯಿಯದ್ದು ಮೊದಲನೆಯದು.

‘ಅದು ನಿಮಗೆ ಹೇಗೆ ಗೊತ್ತು?’ ಎಂದು ಕೇಳುವವರಿದ್ದಾರೆ. ಕೇಳಬೇಕು. ಉತ್ತರ ಮೂಳೆಯಲ್ಲಿದೆ. ತಾಯಿಯ ಹೊಟ್ಟೆಯಲ್ಲಿರುವಾಗಲೇ ನಾಳವೂ ಅದು ಹಾದುಹೋಗುವ ಮೂಳೆಯ ರಂಧ್ರವೂ ಒಟ್ಟೊಟ್ಟಿಗೆ ರೂಪುಗೊಳ್ಳುತ್ತವೆ. ನಾಳ ಸಣ್ಣದಾದರೆ ರಂಧ್ರವೂ ಸಣ್ಣದಾಗಿಯೇ ಉಳಿಯುತ್ತದೆ. ಸಿಟಿ ಚಿತ್ರದಲ್ಲಿ ಕುತ್ತಿಗೆಯ ಮೂಳೆಯನ್ನು ಅಡ್ಡ ಕೊಯ್ದಂತೆ ನೋಡಿದರೆ ಎಡಗಡೆ ದೊಡ್ಡ ರಂಧ್ರ, ಅದರ ತುಂಬ ಹೊಳೆಯುವ ದಪ್ಪ ನಾಳ. ಬಲಗಡೆ ಕಿರಿದಾದ ರಂಧ್ರ, ಅದಕ್ಕೆ ಸರಿಹೊಂದುವ ಸಣ್ಣ ನಾಳ ಕಾಣುತ್ತವೆ. ನಾಲ್ಕನೇ ಮೂಳೆಯಲ್ಲೂ ಹಾಗೇ, ಮೂರನೆಯದರಲ್ಲೂ ಹಾಗೇ. ಕೆಳಗಿನಿಂದ ಮೇಲಿನವರೆಗೆ ಒಂದೇ ಸಮನೆ ಸಣ್ಣ. ಅದೇ ದೊಡ್ಡವರಾದ ಮೇಲೆ ಕೊಬ್ಬು ಕಟ್ಟಿ ಕಿರಿದಾದ ನಾಳವಾಗಿದ್ದರೆ ರಂಧ್ರ ದೊಡ್ಡದೇ ಇರುತ್ತದೆ, ಒಳಗಿನ ದಾರಿ ಮಾತ್ರ ಸಣ್ಣದು. ನಾಳದ ಗೋಡೆ ದಪ್ಪಗಿರುತ್ತದೆ, ಅಲ್ಲಲ್ಲಿ ಕ್ಯಾಲ್ಸಿಯಂ ಬೆಳ್ಳಗೆ ಮಿನುಗುತ್ತದೆ, ಕಿರಿದಾದದ್ದು ಪೂರ್ತಿ ಉದ್ದಕ್ಕೂ ಅಲ್ಲ, ಯಾವುದೋ ಒಂದು ಕಡೆ, ಹೆಚ್ಚಾಗಿ ನಾಳ ಹುಟ್ಟುವ ಜಾಗದಲ್ಲಿ. ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನಿನಲ್ಲೂ ಗುಟ್ಟು ರಟ್ಟಾಗುತ್ತದೆ. ಬ್ಲಾಕ್ ಇರುವ ಜಾಗದಲ್ಲಿ ರಕ್ತ ರಭಸದಿಂದ ಚಿಮ್ಮುತ್ತದೆ, ಹುಟ್ಟಾ ಸಣ್ಣ ನಾಳದಲ್ಲಿ ಮಂದವಾಗಿ ಹರಿಯುತ್ತದೆ.

ಸ್ಟೆಂಟ್ ಮಾಡುವ ಕೆಲಸವೇನು? ಗೋಡೆಗೆ ಕಟ್ಟಿಕೊಂಡ ಕೊಬ್ಬನ್ನು ಬದಿಗೊತ್ತಿ ದಾರಿ ಮಾಡುವುದು. ಕೊಬ್ಬೇ ಇಲ್ಲದ ಕಡೆ ಅದು ಒತ್ತುವುದಾದರೂ ಏನನ್ನು? ಆರೋಗ್ಯವಾಗಿರುವ ತೆಳು ಗೋಡೆಯನ್ನು. ಅದು ಹರಿದರೆ ಇಲ್ಲದ ರೋಗವನ್ನು ದುಡ್ಡು ಕೊಟ್ಟು ತಂದುಕೊಂಡಂತೆ.

ವಾಟ್ಸಾಪ್ ವೈದ್ಯಕ್ಕೂ ಇದೇ ಮಾತು. ಬೆಳ್ಳುಳ್ಳಿ, ಶುಂಠಿ, ನಿಂಬೆರಸ, ಆಪಲ್ ಸೈಡರ್ ವಿನೆಗರ್ ಕುದಿಸಿ ಜೇನು ಬೆರೆಸಿ ಕುಡಿದರೆ ಎಂಥಾ ಬ್ಲಾಕೂ ಕರಗುತ್ತದೆ ಎಂಬ ಸಂದೇಶ ಎಷ್ಟೋ ವರ್ಷಗಳಿಂದ ಸುತ್ತುತ್ತಿದೆ. ಅದು ನಿಜವಾದ ಬ್ಲಾಕನ್ನೂ ಕರಗಿಸುವುದಿಲ್ಲ, ಆ ಮಾತು ಒಂದು ಕಡೆ ಇರಲಿ. ಇಲ್ಲಿ ಕರಗಬೇಕಾದದ್ದೇ ಇಲ್ಲವಲ್ಲ! ಪಕ್ಕದ ಮನೆಯವರು ತೆಗೆದುಕೊಳ್ಳುತ್ತಾರೆ ಎಂದು ಆಸ್ಪಿರಿನ್ ಮಾತ್ರೆ ತಾವಾಗಿ ಶುರು ಮಾಡಿಕೊಂಡವರನ್ನೂ ಕಂಡಿದ್ದೇನೆ. ನಾಳ ಸಣ್ಣದಿದೆ ಎಂಬ ಒಂದೇ ಕಾರಣಕ್ಕೆ ಅದು ಬೇಡ. ಲಾಭವಂತೂ ಇಲ್ಲ, ಹೊಟ್ಟೆಯಲ್ಲಿ ರಕ್ತಸ್ರಾವವಾಗುವ ಅಪಾಯ ಮಾತ್ರ ಸಿಗುತ್ತದೆ.

ಒಂದು ಕಡೆ ಸಣ್ಣದಾದರೆ ಮಿದುಳಿಗೆ ರಕ್ತ ಸಾಲದಾಗುವುದಿಲ್ಲವೇ? ನಾಳದ ವ್ಯಾಸ ಅರ್ಧಕ್ಕಿಳಿದರೆ, ಅದೇ ಒತ್ತಡದಲ್ಲಿ ಹರಿವು ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಇದು ಭೌತಶಾಸ್ತ್ರದ ಲೆಕ್ಕ. ಅಂದರೆ 4 ಮಿ.ಮೀ.ನ ಎಡನಾಳದ ಮುಂದೆ 2 ಮಿ.ಮೀ.ನ ಬಲನಾಳದ ಕೊಡುಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. 58 ವರ್ಷ ಎಡನಾಳವೇ ಹೆಚ್ಚಿನ ಕೆಲಸ ಮಾಡಿಕೊಂಡು ಬಂದಿದೆ, ಯಾರಿಗೂ ಗೊತ್ತಾಗಲಿಲ್ಲ. ಸಾಲದ್ದಕ್ಕೆ ಮಿದುಳಿನ ತಳದಲ್ಲಿ ಈ ನಾಲ್ಕೂ ನಾಳಗಳನ್ನು ಬೆಸೆಯುವ ಒಂದು ಉಂಗುರವಿದೆ. ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ 1664ರಲ್ಲಿ ಅದನ್ನು ವಿವರಿಸಿ ಬರೆದ. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚ್ ಕಟ್ಟಿಸಿದ ವಾಸ್ತುಶಿಲ್ಪಿ ಕ್ರಿಸ್ಟೋಫರ್ ರೆನ್ ಅದಕ್ಕೆ ಚಿತ್ರ ಬರೆದುಕೊಟ್ಟ. ಹೊಟ್ಟೆಯ ಗಡ್ಡೆಯಿಂದ ಸತ್ತ ಒಬ್ಬನ ದೇಹವನ್ನು ವಿಲ್ಲಿಸ್ ಕೊಯ್ದು ನೋಡಿದಾಗ ಬಲ ಕ್ಯಾರೊಟಿಡ್ ಕಲ್ಲಿನಂತೆ ಗಟ್ಟಿಯಾಗಿ ಮುಚ್ಚಿಹೋಗಿತ್ತು. ಅದೇ ಕಡೆಯ ವರ್ಟಿಬ್ರಲ್ ನಾಳ ಇನ್ನೊಂದು ಕಡೆಯದಕ್ಕಿಂತ ಮೂರು ಪಟ್ಟು ದಪ್ಪವಾಗಿತ್ತು. ಆ ಮನುಷ್ಯನಿಗೆ ಲಕ್ವ ಹೊಡೆದಿರಲಿಲ್ಲ. ಎಂಆರ್‌ಐ ಬಿಡಿ, ಸ್ಟೆತೊಸ್ಕೋಪ್ ಕೂಡ ಇಲ್ಲದ ಕಾಲದಲ್ಲಿ ಈ ಒಳದಾರಿ ವಿಲ್ಲಿಸ್‌ಗೆ ಅರ್ಥವಾಗಿತ್ತು ಎನ್ನುವುದನ್ನು ಪಾಠ ಮಾಡುವಾಗ ನಾನು ಬಿಡದೆ ಹೇಳುತ್ತೇನೆ. ಪುಸ್ತಕದಲ್ಲಿ ಬರೆದಂತೆ ಪೂರ್ಣ ಉಂಗುರ ಇರುವವರು ಅರ್ಧಕ್ಕಿಂತ ಕಡಿಮೆ ಜನ ಎನ್ನುವುದನ್ನೂ ಸೇರಿಸುತ್ತೇನೆ.

ಹಾಗಾದರೆ ರಿಪೋರ್ಟಿನಲ್ಲಿ ಬರೆದು ಹೆದರಿಸುವುದೇಕೆ? ಕಂಡದ್ದನ್ನು ಬರೆಯುವುದು ನಮ್ಮ ಕೆಲಸ. ಅದರ ಉಪಯೋಗ ನಿಮಗಿಂತ ಮುಂದೆ ನೋಡುವ ವೈದ್ಯರಿಗೆ ಹೆಚ್ಚು. ನಾಳೆ ಕುತ್ತಿಗೆ ಮೂಳೆಯ ಆಪರೇಷನ್ ಮಾಡಬೇಕಾಗಿ ಬಂದರೆ ಯಾವ ಕಡೆಯ ನಾಳವನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯಬೇಕು ಎಂಬುದು ಸರ್ಜನ್‌ಗೆ ಗೊತ್ತಿರಬೇಕು. ದಪ್ಪ ನಾಳಕ್ಕೇ ಏನಾದರೂ ಆದರೆ ಸಣ್ಣದು ಅದರ ಹೊರೆ ಹೊರಲಾರದು ಎನ್ನುವುದೂ ನಿಜ. ಮಿದುಳಿನ ಹಿಂಭಾಗದ ಲಕ್ವ ಆದವರಲ್ಲಿ ಸಣ್ಣ ವರ್ಟಿಬ್ರಲ್ ನಾಳ ಇತರರಿಗಿಂತ ಹೆಚ್ಚಾಗಿ ಕಂಡಿದೆ ಎಂದು ಹೇಳುವ ಅಧ್ಯಯನಗಳಿವೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಸಣ್ಣ ನಾಳವೇ ಲಕ್ವ ತಂದಿತು ಎಂದು ಅದರಿಂದ ಹೇಳಲಾಗದು. ನಾಳವನ್ನು ಕೆಡಿಸುವುದು ಬಿಪಿ, ಶುಗರ್, ತಂಬಾಕು. ಕೆಟ್ಟ ಮೇಲೆ ಎಷ್ಟು ತಡೆದುಕೊಳ್ಳಬಹುದು ಎನ್ನುವುದರಲ್ಲಷ್ಟೇ ಹುಟ್ಟಿನ ಅಳತೆಗೆ ಪಾತ್ರ. ಭಾರತವೂ ಸೇರಿ 32 ದೇಶಗಳ ಸುಮಾರು 27,000 ಜನರನ್ನು ಒಳಗೊಂಡು 2016ರಲ್ಲಿ ಪ್ರಕಟವಾದ ಇಂಟರ್‌ಸ್ಟ್ರೋಕ್ ಅಧ್ಯಯನ, ಲಕ್ವದ ಹೊರೆಯಲ್ಲಿ ಶೇ. 90ರಷ್ಟನ್ನು ನಮ್ಮ ಕೈಯಲ್ಲೇ ಇರುವ ಹತ್ತು ಕಾರಣಗಳಿಗೆ ಜೋಡಿಸಿತು. ಮೊದಲ ಸ್ಥಾನ ಬಿಪಿಗೆ. ತಾಯಿಯ ಬಿಪಿ ಎಷ್ಟಿದೆ ಎಂದು ನೀವು ಬರೆದೇ ಇಲ್ಲ. ಈ ಪ್ರಶ್ನೆ ಕೇಳುವವರು ಯಾರೂ ಬರೆಯುವುದಿಲ್ಲ!

ಇಂಥ ರಿಪೋರ್ಟುಗಳಲ್ಲಿ ಬರುವ ಉಳಿದ ಪದಗಳನ್ನು ಬೇಗ ಮುಗಿಸುತ್ತೇನೆ. ‘ಬೋವೈನ್ ಆರ್ಚ್’ ಎಂದಿದ್ದರೆ ಎಡ ಕ್ಯಾರೊಟಿಡ್ ಹುಟ್ಟುವ ಜಾಗ ತುಸು ಬೇರೆ, ತುಂಬ ಜನರಲ್ಲಿ ಇರುತ್ತದೆ, ತೊಡೆಯಿಂದ ಕ್ಯಾತಿಟರ್ ಎಂಬ ತೆಳು ಕೊಳವೆ ತೂರಿಸುವವರಿಗೆ ದಾರಿ ತಿಳಿದಿದ್ದರೆ ಸಾಕು. ‘ಟಾರ್ಚುವಸ್’ ಎಂದರೆ ನಾಳ ಅಂಕುಡೊಂಕು. ವಯಸ್ಸಾದವರಲ್ಲಿ, ಬಿಪಿ ಇರುವವರಲ್ಲಿ ಸಾಮಾನ್ಯ. ‘ಕ್ಯಾರೊಟಿಡ್ ವೆಬ್’ ಎಂದಿದ್ದರೆ ಮಾತ್ರ ಹಗುರಾಗಿ ತೆಗೆದುಕೊಳ್ಳಬೇಡಿ. ನಾಳದ ಒಳಗೋಡೆಯಿಂದ ಚಾಚಿದ ತೆಳು ಪದರ ಅದು. ಅದರ ಹಿಂದೆ ರಕ್ತ ನಿಂತು ಹೆಪ್ಪುಗಟ್ಟಬಹುದು. ಬಿಪಿ, ಶುಗರ್ ಯಾವುದೂ ಇಲ್ಲದ ಕಿರಿಯ ವಯಸ್ಸಿನವರಿಗೆ ಲಕ್ವ ಹೊಡೆದಾಗ ನಾವು ಅದನ್ನು ಹುಡುಕುತ್ತೇವೆ. ನರರೋಗ ತಜ್ಞರನ್ನೇ ಕಾಣಿ.

ತಾಯಿಯ ತಲೆಸುತ್ತಿಗೆ ಈ ನಾಳ ಕಾರಣವಾಗಿರುವುದು ಅನುಮಾನ. ಮಗ್ಗುಲು ಬದಲಿಸಿದಾಗ ಬಂದು, ಒಂದು ನಿಮಿಷದೊಳಗೆ ನಿಲ್ಲುವ ಗಿರಕಿ ಬಹುಪಾಲು ಒಳಕಿವಿಯದ್ದು. ಅಲ್ಲಿನ ಸೂಕ್ಷ್ಮ ಹರಳುಗಳು ಜಾಗ ತಪ್ಪಿರುತ್ತವೆ. ಇಎನ್‌ಟಿ ವೈದ್ಯರು ಮಂಚದ ಮೇಲೆ ತಲೆ ವಾಲಿಸಿ, ಕಣ್ಣುಗುಡ್ಡೆಯ ಓಲಾಟ ನೋಡಿಯೇ ಹೇಳಿಬಿಡುತ್ತಾರೆ. ಎಪ್ಲಿ ಎಂಬ ವಿಧಾನದಲ್ಲಿ ತಲೆಯನ್ನು ಹಂತಹಂತವಾಗಿ ತಿರುಗಿಸಿ ಹರಳನ್ನು ವಾಪಸ್ ಕೂರಿಸುತ್ತಾರೆ, ಸ್ಕ್ಯಾನಿನ ಖರ್ಚಿಲ್ಲದೆ. ಆದರೆ ತಲೆಸುತ್ತಿನ ಜೊತೆಗೆ ಮಾತು ತೊದಲಿದರೆ, ಒಂದು ಎರಡಾಗಿ ಕಂಡರೆ, ನುಂಗಲಾಗದಿದ್ದರೆ, ನಿಂತರೆ ಒಂದು ಕಡೆಗೆ ವಾಲಿದರೆ ಇಎನ್‌ಟಿ ದಾರಿ ಹಿಡಿಯಬೇಡಿ. 108ಕ್ಕೆ ಫೋನ್ ಮಾಡಿ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ನಾಲ್ಕೂವರೆ ಗಂಟೆಯ ಗಡುವಿದೆ.

ಈಗ ನೀವು ಕೇಳದ್ದೊಂದು. ನಾಳ ಸಣ್ಣದಿದೆ ಎಂದು ಇಷ್ಟು ಹೆದರುವ ಮನೆಗಳಲ್ಲೇ ಗಂಡಸರು ಕಟಿಂಗ್ ಶಾಪಿಗೆ ಹೋಗಿ, ತಲೆಗೆ ಎಣ್ಣೆ ತಟ್ಟಿಸಿಕೊಂಡು, ಕೊನೆಗೆ ಗದ್ದ ಹಿಡಿಸಿಕೊಂಡು ಕುತ್ತಿಗೆಯ ನೆಟಿಗೆ ತೆಗೆಸಿಕೊಂಡು ಬರುತ್ತಾರೆ. ಲಟಕ್ ಎಂದರೆ ಹತ್ತು ರೂಪಾಯಿ ಟಿಪ್ಸು ಬೇರೆ.

ವರ್ಟಿಬ್ರಲ್ ನಾಳ ಕುತ್ತಿಗೆಯ ಮೇಲಿನ ಎರಡು ಮೂಳೆಗಳ ಹತ್ತಿರ ತಿರುವು ತೆಗೆದುಕೊಂಡು ತಲೆಬುರುಡೆ ಸೇರುತ್ತದೆ. ತಲೆ ತಿರುಗುವುದು ಹೆಚ್ಚಾಗಿ ಅದೇ ಎರಡು ಮೂಳೆಗಳ ನಡುವೆ. ಬಲಕ್ಕೆ ತಿರುಗಿಸಿದರೆ ಎಡನಾಳ ಎಳೆತಕ್ಕೆ ಸಿಗುತ್ತದೆ. ನೀವಾಗಿ ತಿರುಗಿಸಿಕೊಂಡಾಗ ಸ್ನಾಯುಗಳ ಬಿಗಿ ಕಾಪಾಡುತ್ತದೆ. ಮೈ ಸಡಿಲ ಬಿಟ್ಟು ಕೂತಾಗ ಇನ್ನೊಬ್ಬರು ಥಟ್ಟನೆ ತಿರುಗಿಸಿದರೆ ಆ ಕಾವಲು ಇರುವುದಿಲ್ಲ. ನಾಳದ ಒಳಪದರ ಸೀಳಿದರೆ ಗೋಡೆಯೊಳಕ್ಕೆ ರಕ್ತ ನುಗ್ಗಿ, ಅಲ್ಲಿ ಕಟ್ಟಿದ ಹೆಪ್ಪು ಮಿದುಳಿಗೆ ಏರಬಹುದು. ಎಲ್ಲ ವಯಸ್ಸಿನವರನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ, ಹೆಪ್ಪಿನಿಂದಾಗುವ ಲಕ್ವದಲ್ಲಿ ಈ ಸೀಳಿನ ಪಾಲು ಶೇ. 2ರಷ್ಟು. ಐವತ್ತರೊಳಗಿನವರಲ್ಲಿ ಮಾತ್ರ ಅದು ಶೇ. 20ರವರೆಗೂ ಹೋಗುತ್ತದೆ. ಎಲ್ಲ ಸೀಳೂ ಕಟಿಂಗ್ ಶಾಪಿನದ್ದಲ್ಲ. ಅಪಘಾತದಿಂದ ಆಗುತ್ತದೆ, ಜೋರು ಕೆಮ್ಮಿನಿಂದಲೂ ಆಗುತ್ತದೆ, ಯಾವ ಕಾರಣವೂ ಸಿಗದೇ ಆಗುವುದೂ ಇದೆ. ನೆಟಿಗೆ ತೆಗೆಸಿಕೊಂಡವರಲ್ಲಿ ಹೆಚ್ಚಿನವರಿಗೆ ಏನೂ ಆಗುವುದಿಲ್ಲ ಎನ್ನುವುದೂ ಸತ್ಯ. ಆದರೂ ಬೇಡ ಎನ್ನುತ್ತೇನೆ, ಏಕೆಂದರೆ ಅದರಿಂದ ಸಿಗುವುದು ಒಂದು ಲಟಕ್ ಸದ್ದು ಮಾತ್ರ. ಮತ್ತೆ ಇಲ್ಲಿ ಸೀಳುವುದಕ್ಕೆ ಹುಟ್ಟಾ ಸಣ್ಣ ನಾಳವೇ ಆಗಬೇಕೆಂದಿಲ್ಲ, ರಿಪೋರ್ಟಿನಲ್ಲಿ ‘ನಾರ್ಮಲ್’ ಎಂದು ಬರೆಸಿಕೊಂಡ ದಪ್ಪ ನಾಳವೂ ಸೀಳುತ್ತದೆ.

ಕುತ್ತಿಗೆಯ ಒಂದೇ ಕಡೆ ಅಥವಾ ಹಿಂದಲೆಯಲ್ಲಿ ಹಿಂದೆಂದೂ ಇಲ್ಲದಂಥ ನೋವು ಶುರುವಾದರೆ, ಒಂದು ಕಣ್ಣಿನ ರೆಪ್ಪೆ ಜೋತು ಆ ಕಣ್ಣಿನ ಪಾಪೆ ಸಣ್ಣದಾಗಿ ಕಂಡರೆ, ನೋವಿನ ಎಣ್ಣೆ ಹಚ್ಚಿಕೊಂಡು ಮಲಗದೆ ಅಂದೇ ಆಸ್ಪತ್ರೆಗೆ ಹೋಗಿ. ಸೀಳಾದ ಕೂಡಲೇ ಲಕ್ವ ಹೊಡೆಯಬೇಕೆಂದಿಲ್ಲ, ಗಂಟೆಗಳು ಅಥವಾ ದಿನಗಳು ಕಳೆದ ಮೇಲೂ ಬರಬಹುದು. ಅಷ್ಟರಲ್ಲಿ ಕಟಿಂಗ್ ಮಾಡಿಸಿದ್ದು ಯಾರಿಗೂ ನೆನಪಿರುವುದಿಲ್ಲ. ಹಾಗಾಗಿ ಕುತ್ತಿಗೆ ತಿರುಗಿಸಿಕೊಂಡಿದ್ದನ್ನು, ಬಿದ್ದದ್ದನ್ನು, ಬೈಕ್ ಗುಂಡಿಗೆ ಹಾರಿ ಕುತ್ತಿಗೆ ಉಳುಕಿದ್ದನ್ನು ವೈದ್ಯರು ಕೇಳದಿದ್ದರೂ ನೀವೇ ಹೇಳಿ. ನಾಳದ ಗೋಡೆಯಲ್ಲಿ ನಿಂತ ರಕ್ತವನ್ನು ಹುಡುಕುವ ಎಂಆರ್‌ಐ ಬೇರೆಯೇ ಇದೆ, ಅನುಮಾನ ಇದ್ದರೆ ಮಾತ್ರ ಅದನ್ನು ತೆಗೆಯುತ್ತೇವೆ.