ಹೆಡ್ ಕ್ಲೀನಿಂಗ್ ಅಂದರೆ ತೊಳೆಯುವುದಲ್ಲ

ಜೂನ್ ತಿಂಗಳಲ್ಲಿ ನನ್ನ ಅಂಗಡಿಗೆ ಬರುವ ಪ್ರಿಂಟರುಗಳಿಗೆಲ್ಲ ಒಂದೇ ಕಾಯಿಲೆ. ಪರೀಕ್ಷೆ ಮುಗಿದು ಮನೆಮಂದಿ ಊರಿಗೆ ಹೊರಟ ದಿನ ಪ್ರಿಂಟರಿನ ಮೇಲೊಂದು ಟವಲ್ ಬಿದ್ದಿರುತ್ತದೆ. ಶಾಲೆ ಶುರುವಾಗಿ ಮೊದಲ ಪ್ರಾಜೆಕ್ಟ್ ಕೊಟ್ಟ ರಾತ್ರಿ, ಹತ್ತು ಗಂಟೆಗೆ, ಆ ಟವಲ್ ತೆಗೆಯುತ್ತಾರೆ. ಹಳದಿ ಬಣ್ಣವೇ ಇಲ್ಲ, ಕಪ್ಪಿನ ತುಂಬ ಬಿಳಿ ಗೆರೆ. ಬೆಂಗಳೂರಿನ ಮಾರ್ಚ್, ಏಪ್ರಿಲ್‌ನ ಒಣಹವೆ ಹಪ್ಪಳಕ್ಕೆ ಒಳ್ಳೆಯದು, ಸಣ್ಣ ರಂಧ್ರಗಳಿಂದ ಕಾಗದಕ್ಕೆ ಇಂಕು ಚಿಮ್ಮಿಸುವ ಪ್ರಿಂಟರ್ ಹೆಡ್ಡಿಗಲ್ಲ.

ಇಷ್ಟಕ್ಕೆ ನನಗೆ ಬೇಸರವಿಲ್ಲ. ಇಂಕಿನಲ್ಲಿ ಬಹುಪಾಲು ನೀರೇ, ಒಣಗದೆ ಇನ್ನೇನಾಗುತ್ತದೆ? ಸಿಟ್ಟು ಬರುವುದು ಮುಂದಿನ ಮಾತಿಗೆ. "ಏನು ಮಾಡಿದ್ರಿ ಸಾರ್?" ಅಂತ ಕೇಳುತ್ತೇನೆ. "ಹೆಡ್ ಕ್ಲೀನಿಂಗ್ ಹೊಡೆದೆ." "ಎಷ್ಟು ಸಲ?" ಒಂದು ನಿಮಿಷ ಮಾತಿಲ್ಲ. ಆಮೇಲೆ ಮೆಲ್ಲಗೆ, "ಒಂದು ಹದಿನೈದು ಇಪ್ಪತ್ತು ಸಲ ಇರಬಹುದು."

ತಪ್ಪು ಅವರದಲ್ಲ, ಆ ಹೆಸರಿನದು. ಕ್ಲೀನಿಂಗ್ ಅಂದ ಕೂಡಲೇ ನಮಗೆ ತೊಳೆಯುವ ಚಿತ್ರ ಬರುತ್ತದೆ. ಪ್ರಿಂಟರಿನ ಒಳಗೆ ನೀರಿಲ್ಲ, ಸೋಪಿಲ್ಲ. ಹೆಡ್ ಬಂದು ನಿಲ್ಲುವ ಜಾಗದಲ್ಲಿ, ಸಾಮಾನ್ಯವಾಗಿ ಬಲತುದಿಯಲ್ಲಿ, ರಬ್ಬರ್ ಅಂಚಿನ ಒಂದು ಪುಟ್ಟ ತಟ್ಟೆ ಇದೆ. ನಾವು ಅದಕ್ಕೆ ಕ್ಯಾಪ್ ಅನ್ನುತ್ತೇವೆ. ಅದರ ಕೆಳಗೊಂದು ಕೊಳವೆ, ಕೊಳವೆಗೊಂದು ಚಿಕ್ಕ ಪಂಪು. ನೀವು ಕ್ಲೀನಿಂಗ್ ಒತ್ತಿದಾಗ ಕ್ಯಾಪ್ ಮೇಲೆದ್ದು ಹೆಡ್ಡಿಗೆ ಅಂಟಿಕೊಳ್ಳುತ್ತದೆ, ಪಂಪು ಇಂಕನ್ನು ಹೀರುತ್ತದೆ, ಕೊನೆಗೊಂದು ರಬ್ಬರ್ ಪಟ್ಟಿ ಹೆಡ್ಡಿನ ಮುಖ ಒರೆಸುತ್ತದೆ. ಮುಗಿಯಿತು. ಅದು ತೊಳೆಯುವುದಲ್ಲ, ಹೀರುವುದು.

ಈಗ ಹತ್ತು ಸ್ಟ್ರಾಗಳನ್ನು ಒಟ್ಟಿಗೆ ಬಾಯಲ್ಲಿಟ್ಟುಕೊಂಡು ಎಳನೀರು ಕುಡಿಯುತ್ತೀರಿ ಅಂದುಕೊಳ್ಳಿ. ಮೂರು ಸ್ಟ್ರಾಗಳಲ್ಲಿ ಗಂಜಿ ಸಿಕ್ಕಿಕೊಂಡಿದೆ. ಎಷ್ಟು ಜೋರಾಗಿ ಹೀರಿದರೂ ನೀರು ಬರುವುದು ತೆರೆದಿರುವ ಏಳರಿಂದಲೇ. ಸಿಕ್ಕಿಕೊಂಡ ಮೂರು ಹಾಗೇ ಇರುತ್ತವೆ, ಬುರುಡೆ ಮಾತ್ರ ಖಾಲಿಯಾಗುತ್ತದೆ. ಮನೆಗಳಲ್ಲಿ ಬಹಳ ಓಡಾಡುವ ಎಪ್ಸನ್ ಎಲ್3110ರ ಹೆಡ್ಡಿನಲ್ಲಿ ಕಪ್ಪಿಗೆ 180 ರಂಧ್ರ, ಉಳಿದ ಮೂರು ಬಣ್ಣಕ್ಕೆ ತಲಾ 59. ಅದರಲ್ಲಿ ಮೂವತ್ತೋ ನಲವತ್ತೋ ಕಟ್ಟಿಕೊಂಡಿದ್ದರೆ ಇಪ್ಪತ್ತನೇ ಕ್ಲೀನಿಂಗಿನಲ್ಲೂ ಹರಿಯುವುದು ಚೆನ್ನಾಗಿರುವ ರಂಧ್ರಗಳಿಂದಲೇ. ನೀವು ದುಡ್ಡು ಕೊಟ್ಟು ತಂದ 65 ಎಂಎಲ್ ಬಾಟಲಿಯ ಇಂಕು ಕಾಗದ ಕಾಣದೆ ನೇರ ವೇಸ್ಟ್ ಪ್ಯಾಡಿಗೆ ಇಳಿಯುತ್ತದೆ. ಪ್ಯಾಡ್ ಅಂದರೆ ಪ್ರಿಂಟರಿನ ಹೊಟ್ಟೆಯಲ್ಲಿರುವ ದಪ್ಪ ಫೆಲ್ಟು. ಅದಕ್ಕೂ ಒಂದು ಮಿತಿ ಇದೆ, ಪ್ರಿಂಟರ್ ಲೆಕ್ಕ ಇಟ್ಟಿರುತ್ತದೆ. ಲೆಕ್ಕ ತುಂಬಿದ ದಿನ ಕೆಂಪು ದೀಪಗಳು ಮಿಣುಕಿ ಪ್ರಿಂಟರ್ ಮುಷ್ಕರ ಹೂಡುತ್ತದೆ. ಹೆಡ್ ಕಟ್ಟಿಕೊಂಡಿದ್ದ ಪ್ರಿಂಟರಿಗೆ ಈಗ ಎರಡು ಕಾಯಿಲೆ.

ಹಾಗಾದರೆ ಕ್ಲೀನಿಂಗ್ ಮಾಡಲೇಬಾರದೇ? ಮಾಡಿ. ಎರಡು ಸಲ, ಹೆಚ್ಚೆಂದರೆ ಮೂರು. ಅದರಿಂದ ಹೊಸ ಇಂಕು ಬಂದು ಒಣಗಿದ ಇಂಕಿನ ಬೆನ್ನಿಗೆ ನಿಲ್ಲುತ್ತದೆ. ಆಮೇಲೆ ಬಟನ್ ಒತ್ತಿ ಆಫ್ ಮಾಡಿ ಮಲಗಿ. ದೋಸೆಹಿಟ್ಟು ಒಣಗಿ ಹತ್ತಿದ ಪಾತ್ರೆಯನ್ನು ಯಾರಾದರೂ ಆ ಕ್ಷಣವೇ ಉಜ್ಜಲು ಕೂರುತ್ತಾರೆಯೇ? ನೀರು ಹಾಕಿ ಬಿಡುತ್ತಾರೆ. ಇದು ನನ್ನ ಸ್ವಂತ ಸಿದ್ಧಾಂತವೇನಲ್ಲ. ಮೂರು ಸಲಕ್ಕೂ ಸರಿಹೋಗದಿದ್ದರೆ ಕನಿಷ್ಠ 12 ಗಂಟೆ ಸುಮ್ಮನೆ ಬಿಡಿ ಅಂತ ಆ ಎಲ್3110ರ ಕೈಪಿಡಿಯಲ್ಲೇ ಇದೆ. ಓದುವವರು ಯಾರು?

ಬಸವನಗುಡಿಯ ನಿವೃತ್ತ ಮೇಷ್ಟ್ರೊಬ್ಬರು ನನ್ನ ಹಳೆಯ ಗಿರಾಕಿ. ಹೆಂಡತಿಯ ಭಜನೆ ಮಂಡಳಿಗೆ ದೇವರನಾಮಗಳನ್ನು ದಪ್ಪ ಅಕ್ಷರದಲ್ಲಿ ಪ್ರಿಂಟ್ ಮಾಡಿ ಕೊಡುವುದು ಅವರ ಕೆಲಸ. ಒಮ್ಮೆ ಏಕಾದಶಿಯ ಹಿಂದಿನ ರಾತ್ರಿ ಕಪ್ಪು ಕೈಕೊಟ್ಟಿತು. ಬೆಳಗಿನವರೆಗೂ ಕೂತು ಕ್ಲೀನಿಂಗ್ ಹೊಡೆದಿದ್ದಾರೆ, ಪ್ರತಿ ಸಲದ್ದನ್ನೂ ಡೈರಿಯಲ್ಲಿ ಗೀಟು ಹಾಕಿ ಲೆಕ್ಕ ಬರೆದಿದ್ದಾರೆ. ಇಪ್ಪತ್ತಾರು! ನನಗೆ ಬೈಯಲು ಬಾಯಿ ಬರಲಿಲ್ಲ. ಯಾಕೆಂದರೆ ರಂಧ್ರಗಳು ತೆರೆದಿವೆಯೇ ಅಂತ ಗೆರೆ ಹಾಕಿ ತೋರಿಸುವ ಪ್ರತಿ ನಾಝಲ್ ಚೆಕ್ ಹಾಳೆಯನ್ನೂ ದಿನಾಂಕ, ಗಂಟೆ ಬರೆದು ಜೋಡಿಸಿ ತಂದಿದ್ದರು. ಅಂಥ ಗಿರಾಕಿ ಪುಣ್ಯಕ್ಕೆ ಸಿಗುವುದು.

ಆ ಹಾಳೆಗಳಲ್ಲೇ ಉತ್ತರವಿತ್ತು. ಗೆರೆ ಪ್ರತಿ ಸಲ ಅದೇ ಜಾಗದಲ್ಲಿ ಮುರಿದಿದ್ದರೆ ಒಣಗಿದ ಇಂಕು ಅನ್ನಿ. ಒಂದು ಸಲ ಇಲ್ಲಿ, ಇನ್ನೊಂದು ಸಲ ಅಲ್ಲಿ ಮುರಿದರೆ ಬಹುಮಟ್ಟಿಗೆ ಅದು ಗಾಳಿ. ಇಂಕ್ ಟ್ಯಾಂಕಿನಿಂದ ಹೆಡ್ಡಿಗೆ ಇಂಕು ತರುವ ಕೊಳವೆಯಲ್ಲೋ, ಹೆಡ್ಡಿನ ಮೇಲಿರುವ ಪುಟ್ಟ ಇಂಕು ಡಬ್ಬಿಯಾದ ಡ್ಯಾಂಪರಿನಲ್ಲೋ ಗಾಳಿ ಸೇರಿ ಇಂಕು ಸರಿಯಾಗಿ ಬರುತ್ತಿಲ್ಲ. ಮೇಷ್ಟ್ರದ್ದು ಮೊದಲ ಎಂಟು ಹಾಳೆ ಅದೇ ಜಾಗ, ಒಂಬತ್ತರಿಂದ ಮುಂದೆ ಜಾಗ ಬದಲಾಗಿತ್ತು. ಅಂದರೆ ಟ್ಯಾಂಕ್ ತಳ ಕಂಡು ಗಾಳಿ ಎಳೆದಿದೆ. ಪವರ್ ಕ್ಲೀನಿಂಗ್ ಅಂತ ಇನ್ನೊಂದಿದೆಯಲ್ಲ, ಅದು ಕೊಳವೆಯ ಇಂಕನ್ನೇ ಬದಲಿಸುವಷ್ಟು ಎಳೆಯುತ್ತದೆ. ಟ್ಯಾಂಕ್ ಮೂರರಲ್ಲಿ ಒಂದು ಭಾಗವಾದರೂ ತುಂಬಿರದಿದ್ದರೆ ಅದರ ಹತ್ತಿರ ಹೋಗಬೇಡಿ.

ರಾತ್ರಿಯಿಡೀ ಬಿಟ್ಟರೂ ಅದೇ ಜಾಗ ಮುರಿದಿದ್ದರೆ ಹೊರಗಿನಿಂದಲೂ ನೆನೆಸಬೇಕು. ವಾರಂಟಿ ಇರುವವರು ಇಲ್ಲಿಗೆ ಓದುವುದು ನಿಲ್ಲಿಸಿ ಸರ್ವೀಸ್ ಸೆಂಟರಿಗೆ ಹೋಗಿ. ಮಿಕ್ಕವರು ಇನ್ವರ್ಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ. ನಲ್ಲಿಯ ನೀರು ಬೇಡ. ಬೋರ್‌ವೆಲ್ ನೀರು ನಿಮ್ಮ ಬಕೆಟ್ಟಿಗೆ ಬಳಿದ ಬಿಳಿ ಪದರ ನೋಡಿದ್ದೀರಲ್ಲ, ಅದು ಕೂದಲಿಗಿಂತ ಸಣ್ಣ ರಂಧ್ರದಲ್ಲಿ ಕೂತರೆ ಏನು ಗತಿ? ಒಂದು ಕಾಪಿ ಶುರುಮಾಡಿ, ಹೆಡ್ ಎಡಕ್ಕೆ ಬಂದಾಗ ಪ್ಲಗ್ ಕೀಳಿ. ಕ್ಯಾಪಿನ ಸ್ಪಂಜಿಗೆ ಸೂಜಿಯಿಲ್ಲದ ಸಿರಿಂಜಿನಲ್ಲಿ ಹತ್ತು ಹನಿ ನೀರು ಬಿಡಿ. ಹೆಡ್ಡನ್ನು ಕೈಯಿಂದ ಮೆಲ್ಲಗೆ ಬಲಕ್ಕೆ ತಳ್ಳಿ ಕ್ಯಾಪಿನ ಮೇಲೆ ಕೂರಿಸಿ. ಸರಿಯದಿದ್ದರೆ ಬಲ ಹಾಕಬೇಡಿ. ಹೆಡ್ಡಿನ ಹಿಂದೆ ಅಡ್ಡಕ್ಕೆ ಎಳೆದಿರುವ ಪಾರದರ್ಶಕ ಪಟ್ಟಿಗೆ ಬೆರಳು ತಾಗಿಸಬೇಡಿ. ಹೆಡ್ ಎಲ್ಲಿದೆ ಅಂತ ಪ್ರಿಂಟರ್ ತಿಳಿಯುವುದು ಅದರಿಂದಲೇ, ಜಿಡ್ಡು ಹತ್ತಿದರೆ ಅದು ದಾರಿ ತಪ್ಪುತ್ತದೆ. ಬೆಳಿಗ್ಗೆ ಪ್ಲಗ್ ಹಾಕಿ, ಒಂದು ಕ್ಲೀನಿಂಗ್, ಒಂದು ನಾಝಲ್ ಚೆಕ್. ಒಂದು ಗೆರೆಯಾದರೂ ಹೆಚ್ಚು ಕೂಡಿದ್ದರೆ ಇನ್ನೊಂದು ರಾತ್ರಿ ಅದನ್ನೇ ಮಾಡಿ. ಎಲ್ಲ ಹೆಡ್ಡೂ ಹೀಗೆ ಎದ್ದು ಬರುತ್ತದೆ ಅಂತ ನಾನು ಮಾತು ಕೊಡಲಾರೆ. ಬಣ್ಣದ ಪುಡಿ ತೇಲುವ ಪಿಗ್ಮೆಂಟ್ ಇಂಕು ಗಟ್ಟಿಯಾದರೆ, ಬಣ್ಣ ಕರಗಿರುವ ಡೈ ಇಂಕಿನ ಹಾಗೆ ಸುಲಭವಾಗಿ ನೀರಿಗೆ ಬಗ್ಗುವುದಿಲ್ಲ.

ಸ್ಯಾನಿಟೈಸರ್ ಜೆಲ್ ಬೇಡ, ಒಬ್ಬರು ಹಾಕಿದ್ದರು, ಕಟ್ಟಿದ್ದಕ್ಕೆ ಇನ್ನೊಂದು ಗೋಂದು ಹಚ್ಚಿದ ಹಾಗಾಯಿತು. ನೇಲ್ ಪಾಲಿಶ್ ರಿಮೂವರ್ ಬೇಡ, ಪ್ಲಾಸ್ಟಿಕ್ಕೇ ಕರಗುತ್ತದೆ. ಸಿರಿಂಜ್ ಚುಚ್ಚಿ ಜೋರಾಗಿ ನೀರು ತಳ್ಳಬೇಡಿ. ಹೆಡ್ಡಿನ ಒಳಪದರ ಬಿಡಬಹುದು, ನೀರು ಕೇಬಲ್ಲಿಗೆ ಇಳಿದರೆ ಬೋರ್ಡೂ ಹೋಗಬಹುದು.

ಎಚ್‌ಪಿ 803, ಕ್ಯಾನನ್ 745ರಂಥ ಕಾರ್ಟ್ರಿಜ್ ಇರುವವರಿಗೆ ಇಷ್ಟು ಕಷ್ಟವಿಲ್ಲ, ಹೆಡ್ ಕಾರ್ಟ್ರಿಜ್ಜಿನಲ್ಲೇ ಇದೆ. ಉಗುರುಬೆಚ್ಚಗಿನ ಡಿಸ್ಟಿಲ್ಡ್ ವಾಟರಿನಲ್ಲಿ ನೆನೆದ ಟಿಶ್ಯೂ ಮೇಲೆ ಅದರ ಮುಖವನ್ನು ಎರಡು ನಿಮಿಷ ಇಟ್ಟು, ಒಣ ಟಿಶ್ಯೂಗೆ ಒತ್ತಿ ನೋಡಿ. ತಾಮ್ರದ ಚುಕ್ಕಿಗಳು ಒದ್ದೆಯಾಗದಿರಲಿ. ಈ ಕಾರ್ಟ್ರಿಜ್ಜುಗಳು ಇಂಕನ್ನು ಕುದಿಸಿ ಗುಳ್ಳೆ ಎಬ್ಬಿಸಿ ಹನಿ ಚಿಮ್ಮಿಸುವ ಜಾತಿ. 1977ರಲ್ಲಿ ಜಪಾನಿನ ಕ್ಯಾನನ್ ಪ್ರಯೋಗಾಲಯದಲ್ಲಿ ಇಂಕು ತುಂಬಿದ ಸಿರಿಂಜಿನ ಸೂಜಿಗೆ ಬಿಸಿ ಸೋಲ್ಡರಿಂಗ್ ಐರನ್ ತಾಗಿ ಇಂಕು ಚಿಮ್ಮಿದ್ದೇ ಈ ಉಪಾಯಕ್ಕೆ ಮೂಲ. ದಿನಾ ಐರನ್ ಹಿಡಿಯುವ ನನಗೆ ಬಟ್ಟೆ ಸುಟ್ಟಿದೆಯೇ ಹೊರತು ಏನೂ ಹೊಳೆದಿಲ್ಲ. ಇರಲಿ. ಒಳಗಿನ ಹೀಟರನ್ನು ತಣ್ಣಗಿಡುವುದೂ ಆ ಇಂಕೇ, ಆದ್ದರಿಂದ ಖಾಲಿ ಕಾರ್ಟ್ರಿಜ್ಜಿನಲ್ಲಿ ಪ್ರಿಂಟ್ ಹೊಡೆಯುತ್ತಲೇ ಇದ್ದರೆ ಅದು ಸುಟ್ಟುಹೋಗುತ್ತದೆ. ಸುಟ್ಟದ್ದನ್ನು ಯಾವ ನೀರೂ ಎಬ್ಬಿಸದು.

ಮತ್ತೆ, ಗೋಡೆಯ ಸ್ವಿಚ್. ಪ್ರಿಂಟರಿನ ಬಟನ್ ಒತ್ತಿದರೆ ಹೆಡ್ ಕ್ಯಾಪಿನ ಮೇಲೆ ಹೋಗಿ ಕೂತು ಬಾಯಿ ಮುಚ್ಚಿಕೊಳ್ಳುತ್ತದೆ. ಕೆಲಸದ ನಡುವೆ ಗೋಡೆಯಲ್ಲೇ ಆರಿಸಿದರೆ ಬಾಯಿ ತೆರೆದು ನಿಂತಲ್ಲೇ ನಿಲ್ಲುತ್ತದೆ. ಪ್ರಿಂಟಿನ ಮಧ್ಯೆ ಕರೆಂಟ್ ಹೋದರೂ ಅಷ್ಟೇ, ಬಂದ ಮೇಲೆ ಒಮ್ಮೆ ಆನ್ ಮಾಡಿ ಬಟನ್ನಿನಲ್ಲೇ ಆಫ್ ಮಾಡಿ. ವಾರಕ್ಕೊಂದು ಬಣ್ಣದ ಹಾಳೆ ತೆಗೆಯಿರಿ. ವರ್ಷಕ್ಕೆ ಎರಡೇ ಸಲ ಪ್ರಿಂಟ್ ಬೇಕಾದವರು ಬೀದಿಕೊನೆಯ ಜೆರಾಕ್ಸ್ ಅಂಗಡಿಗೆ ಹೋಗುವುದು ವಾಸಿ. ಹೀಗೆ ಹೇಳಿ ನಾನು ವ್ಯಾಪಾರ ಕಳೆದುಕೊಂಡಿದ್ದೇನೆ, ಪರವಾಗಿಲ್ಲ.

ಏನೂ ಆಗದಿದ್ದರೆ ತನ್ನಿ, ನಾಝಲ್ ಚೆಕ್ ಹಾಳೆಗಳ ಸಮೇತ. ಆದರೆ ಇಂಕ್ ಟ್ಯಾಂಕ್ ಪ್ರಿಂಟರನ್ನು ಸ್ಕೂಟರಿನಲ್ಲಿ ಕಾಲಿಡುವ ಜಾಗದಲ್ಲಿ ಓರೆಯಾಗಿ ನಿಲ್ಲಿಸಿಕೊಂಡು ಹಂಪುಗಳ ಮೇಲೆ ಬರಬೇಡಿ. ಮುಚ್ಚಳ ಬಿಗಿಮಾಡಿ, ಆಟೋದಲ್ಲಿ ತೊಡೆಯ ಮೇಲೆ ಮಟ್ಟಸವಾಗಿಟ್ಟುಕೊಳ್ಳಿ, ಕೆಳಗೊಂದು ಹಳೇ ಟವಲ್ ಇರಲಿ. ಮೇಷ್ಟ್ರು ಹಾಗೇ ತಂದಿದ್ದರು. ಬಿಳಿ ಪಂಚೆಗೆ ಒಂದು ಹನಿ ಬಿದ್ದಿರಲಿಲ್ಲ.