ಬೆಲ್ಲದ ಪಾಯಸಕ್ಕೆ ಎಷ್ಟು ಬೆಲ್ಲ?

"ಸಕ್ಕರೆಯದಲ್ಲ, ಬೆಲ್ಲದ್ದು, ಇನ್ನೊಂದು ಸೌಟು ಹಾಕಿಸಿಕೊಳ್ಳಿ" ಎಂಬ ಉಪಚಾರದ ಮಾತು ಈಚೆಗೆ ಹಬ್ಬದೂಟದಲ್ಲಿ ಮೇಲಿಂದ ಮೇಲೆ ಕೇಳಿಬರುತ್ತದೆ. ಬೆಲ್ಲದಲ್ಲಿ ಕಬ್ಬಿಣ, ಪೊಟ್ಯಾಸಿಯಂ ಮುಂತಾದ ಖನಿಜಗಳು ಒಂದಿಷ್ಟು ಉಳಿದಿರುವುದು ನಿಜವಾದರೂ, ಅದರ ತೂಕದ ಬಹುಪಾಲು ಸಕ್ಕರೆಯಲ್ಲಿರುವ ಸುಕ್ರೋಸೇ ಆಗಿದ್ದು, ಉಳಿದುದರಲ್ಲಿಯೂ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಸೇರಿರುತ್ತವೆ. ಆದ್ದರಿಂದ ಮನೆಯ ಸಿಹಿಯನ್ನು ಆರೋಗ್ಯಕರಗೊಳಿಸಬೇಕೆನ್ನುವವರು ಯಾವ ಸಿಹಿ ಎಂಬುದಕ್ಕಿಂತ ಎಷ್ಟು ಸಿಹಿ ಎಂಬುದನ್ನು ಮೊದಲು ನೋಡಬೇಕು.

ವಿಶ್ವ ಆರೋಗ್ಯ ಸಂಸ್ಥೆಯ 2015ರ ಮಾರ್ಗಸೂಚಿಯ ಪ್ರಕಾರ, ಅಡುಗೆಗೆ ಬೆರೆಸುವ ಸಕ್ಕರೆ ಹಾಗೂ ಜೇನು, ಪಾನಕ, ಹಣ್ಣಿನ ರಸಗಳಲ್ಲಿರುವ ಸಕ್ಕರೆ ಇವೆಲ್ಲದರಿಂದ ದೊರೆಯುವ ಶಕ್ತಿಯು ದಿನದ ಒಟ್ಟು ಶಕ್ತಿಯ ಶೇ. 10ನ್ನು ಮೀರಬಾರದು, ಶೇ. 5ಕ್ಕಿಂತ ಕೆಳಗಿಳಿಸಿದರೆ ಇನ್ನೂ ಒಳ್ಳೆಯದು. ದಿನಕ್ಕೆ 2,000 ಕಿಲೋಕ್ಯಾಲರಿ ಬೇಕಾಗುವ ವಯಸ್ಕರಿಗೆ ಇದು ಕ್ರಮವಾಗಿ 50 ಗ್ರಾಂ ಮತ್ತು 25 ಗ್ರಾಂ ಆಗುತ್ತದೆ. ಮಕ್ಕಳಿಗೆ ಇನ್ನೂ ಕಡಿಮೆ. ನಾಲ್ವರಿಗೆಂದು ಮಾಡಿದ ಹೆಸರುಬೇಳೆ ಪಾಯಸಕ್ಕೆ 160 ಗ್ರಾಂ ಬೆಲ್ಲ ಬಿದ್ದರೆ ಒಬ್ಬೊಬ್ಬರ ಬಟ್ಟಲಿಗೆ 40 ಗ್ರಾಂ ಬರುತ್ತದೆ. ಬೆಳಗಿನ ಕಾಫಿಯ ಲೆಕ್ಕವನ್ನು ನಾನಿನ್ನೂ ಹಿಡಿದಿಲ್ಲ.

ಎಲ್ಲ ಸಿಹಿತಿಂಡಿಗಳಲ್ಲಿಯೂ ಈ ಪ್ರಮಾಣವನ್ನು ಇಳಿಸಲಾಗುವುದಿಲ್ಲ. ಮೈಸೂರು ಪಾಕ್ ಅಥವಾ ಕೊಬ್ಬರಿ ಮಿಠಾಯಿಯಲ್ಲಿ ಎಳೆ ಪಾಕವು ತಣಿಯುವಾಗ ಹರಳುಗಟ್ಟಿ ಇಡೀ ತಿಂಡಿಯನ್ನು ಹಿಡಿದು ನಿಲ್ಲಿಸುತ್ತದೆ. ಸಕ್ಕರೆಯನ್ನು ಅರ್ಧಕ್ಕಿಳಿಸಿದರೆ ತಟ್ಟೆಯಲ್ಲಿ ಉಳಿಯುವುದು ಪುಡಿ ಮಾತ್ರ. ಕೇಸರಿಬಾತಿನಲ್ಲಿ ಸಕ್ಕರೆ ನೀರನ್ನು ಹಿಡಿದಿಟ್ಟು ಮೃದುತ್ವ ಕೊಡುವುದರಿಂದ, ಕಡಿಮೆ ಮಾಡಬೇಕಾದರೆ ನೀರನ್ನು ಹೆಚ್ಚಿಸಿ, ರವೆ ಪೂರ್ತಿ ಬೆಂದ ಮೇಲೆಯೇ ಸಕ್ಕರೆ ಹಾಕಬೇಕಾಗುತ್ತದೆ. ಪಾಯಸಕ್ಕೆ ಇಂಥ ಕಟ್ಟುಪಾಡಿಲ್ಲ. ಅಲ್ಲಿ ಬೆಲ್ಲದ ಮುಖ್ಯ ಕೆಲಸವೇ ರುಚಿ. ಆ ರುಚಿಯನ್ನು ಬೇರೆ ದಾರಿಗಳಿಂದಲೂ ಎತ್ತಿಹಿಡಿಯಬಹುದು.

ಮೊದಲನೆಯ ದಾರಿ ಬಿಸಿ. ನಾಲಿಗೆಯ ರುಚಿಕೋಶಗಳಲ್ಲಿ ಸಿಹಿಯ ಸಂಕೇತವನ್ನು ಮುಂದಕ್ಕೆ ದಾಟಿಸುವ ಟಿಆರ್‌ಪಿಎಂ5 ಎಂಬ ಪ್ರೋಟೀನ್ ದ್ವಾರವು 15ರಿಂದ 35 ಡಿಗ್ರಿ ಸೆಲ್ಸಿಯಸ್‌ವರೆಗೆ ಉಷ್ಣತೆ ಏರಿದಂತೆಲ್ಲ ಹೆಚ್ಚು ಚುರುಕಾಗುತ್ತದೆ. ಕರಗಿದ ಐಸ್‌ಕ್ರೀಮ್ ನಾಲಿಗೆಗೆ ಅತಿಸಿಹಿ ಎನ್ನಿಸುವುದೂ, ಫ್ರಿಜ್ಜಿನಿಂದ ತೆಗೆದ ನಿನ್ನೆಯ ಪಾಯಸ ಸಪ್ಪೆ ಎನ್ನಿಸುವುದೂ ಇದೇ ಕಾರಣಕ್ಕೆ. ಬೆಚ್ಚಗೆ ಬಡಿಸುವ ಪಾಯಸಕ್ಕೆ ಕಡಿಮೆ ಬೆಲ್ಲ ಸಾಕು. ಎರಡನೆಯದು ಪರಿಮಳ: ಹೆಸರುಬೇಳೆಯನ್ನು ಘಮ್ಮೆನ್ನುವವರೆಗೆ ಹುರಿದು, ಏಲಕ್ಕಿಯನ್ನು ಕೊನೆಯ ಗಳಿಗೆಯಲ್ಲಿ ಕುಟ್ಟಿ ಹಾಕಿದರೆ, ಸಿಹಿಯೊಂದಿಗೆ ಆ ವಾಸನೆಯನ್ನು ಬಾಲ್ಯದಿಂದ ಜೋಡಿಸಿಕೊಂಡಿರುವ ಮಿದುಳು ಇರುವ ಸಿಹಿಯನ್ನೇ ಹೆಚ್ಚೆಂದು ಗ್ರಹಿಸುತ್ತದೆ. ಅಜ್ಜಿಯಂದಿರು ಹಾಕುತ್ತಿದ್ದ ಚಿಟಿಕೆ ಉಪ್ಪಿಗೂ ಅರ್ಥವಿದೆ. ಸೋಡಿಯಂ ಬೆಲ್ಲದ ಸಣ್ಣ ಕಹಿಯನ್ನು ಅಡಗಿಸಿ ಸಿಹಿಯನ್ನು ಮುಂದಕ್ಕೆ ತರುತ್ತದೆ.

ಹಾಲಿನ ವಿಷಯದಲ್ಲಿ ಎಚ್ಚರ ಬೇಕು. ಹಾಲನ್ನು ಅರ್ಧಕ್ಕೆ ಬತ್ತಿಸಿದರೆ ಅದರ ಲ್ಯಾಕ್ಟೋಸ್ ಇಮ್ಮಡಿ ದಟ್ಟವಾಗಿ ತನ್ನದೇ ಆದ ಹದವಾದ ಸಿಹಿಯನ್ನೂ ಖೋವಾದ ಪರಿಮಳವನ್ನೂ ಕೊಡುತ್ತದೆ, ಮತ್ತು ಈ ಸಕ್ಕರೆ ಮೇಲಿನ ಮಿತಿಯ ಲೆಕ್ಕಕ್ಕೆ ಸೇರುವುದಿಲ್ಲ. ಅದೇ ಹುಮ್ಮಸ್ಸಿನಲ್ಲಿ ನಾನೊಮ್ಮೆ ಕುದಿಯುವ ಬೆಲ್ಲದ ಬೇಳೆಗೆ ಬತ್ತಿಸಿದ ಹಾಲನ್ನು ಸುರಿದೆ. ನೋಡನೋಡುತ್ತಿದ್ದಂತೆ ಬಿಳಿಯ ಹರಳುಗಳು ಮೇಲೆದ್ದು, ತಿಳಿನೀರು ಬೇರೆಯಾಯಿತು. ಬೆಲ್ಲದ ಸೌಮ್ಯ ಆಮ್ಲತೆಯೂ ಖನಿಜಗಳೂ ಬಿಸಿಯೊಡನೆ ಸೇರಿದಾಗ ಹಾಲಿನ ಕೇಸೀನ್ ಕಣಗಳು ಒಂದಕ್ಕೊಂದು ಅಂಟಿ ಗಟ್ಟಿಯಾಗುತ್ತವೆ. ಬೆಲ್ಲದ ಪಾಯಸವನ್ನು ಒಲೆಯಿಂದಿಳಿಸಿ, ಕೈಗೆ ತಾಳುವಷ್ಟು ಆರಿದ ಮೇಲೆ ಹಾಲು ಬೆರೆಸಿದರೆ ಅದು ಒಡೆಯುವ ಸಂಭವ ಬಹಳ ಕಡಿಮೆ.

ಬಾಳೆಹಣ್ಣಿನ ರಸಾಯನ ಇನ್ನೂ ಸುಲಭದ ದಾರಿ. ಬಾಳೆಕಾಯಿಯ ಪಿಷ್ಟವು ಹಣ್ಣಾಗುವಾಗ ಬಹುಪಾಲು ಸಕ್ಕರೆಯಾಗಿ ಮಾರ್ಪಡುವುದರಿಂದ, ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಮೂಡಿದ ಹಣ್ಣುಗಳಿಗೆ ತೆಂಗಿನ ಹಾಲು, ಏಲಕ್ಕಿ ಮತ್ತು ನಾಮಮಾತ್ರದ ಬೆಲ್ಲ ಸಾಕಾಗುತ್ತದೆ. "ಸಕ್ಕರೆಯಿಲ್ಲದ" ಖರ್ಜೂರದ ಉಂಡೆಯ ಬಗ್ಗೆ ಮಾತ್ರ ನನಗೆ ತಕರಾರಿದೆ: ನಾರಿನಂಶ ಇರುವುದೇನೋ ಸರಿ, ಆದರೆ ಒಣ ಖರ್ಜೂರದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ.

ನಮ್ಮ ಮನೆಯ ಪಾಯಸದ ಬೆಲ್ಲವನ್ನು ಯುಗಾದಿಯಿಂದ ದೀಪಾವಳಿಯವರೆಗೆ ಒಂದೊಂದು ಹಬ್ಬಕ್ಕೆ ಸ್ವಲ್ಪಸ್ವಲ್ಪವೇ ಇಳಿಸುತ್ತ 160 ಗ್ರಾಂನಿಂದ 100 ಗ್ರಾಂಗೆ ತಂದೆವು. ಮಕ್ಕಳಿಗೆ ಗೊತ್ತಾಗಲಿಲ್ಲ. ಅತ್ತೆಯವರಿಗೆ ಎರಡನೆಯ ಹಬ್ಬಕ್ಕೇ ಗೊತ್ತಾಗಿತ್ತು; ಅವರ ಎಲೆಯ ಪಕ್ಕದಲ್ಲಿ ಪುಡಿಬೆಲ್ಲದ ಪುಟ್ಟ ಬಟ್ಟಲೊಂದು ಈಗಲೂ ಇರುತ್ತದೆ.